ಕುರಿಯ ಯಕೃತ್ತು, ರಾಜಕುಮಾರನ ಮದ್ದು

ಅಸ್ಸೀರಿಯಾದ ಯುವರಾಜ ಅಶುರ್‌ಬನಿಪಾಲನಿಗೆ ಮದ್ದು ಸಿದ್ಧವಾಗಿದೆ. ಆದರೆ ಅದು ನೇರವಾಗಿ ಅವನ ಬಾಯಿಗೆ ಹೋಗುವುದಿಲ್ಲ. ಮೊದಲು ಸೂರ್ಯದೇವ ಶಮಶ್‌ನ ಮುಂದೆ ಹೋಗುತ್ತದೆ. ಯುವರಾಜ ಇದನ್ನು ಕುಡಿಯಬೇಕೆ, ಕುಡಿದರೆ ಉಳಿಯುತ್ತಾನೆಯೆ ಎಂದು ದೇವರನ್ನು ಕೇಳಿ, ಕುರಿಯೊಂದನ್ನು ಕೊಯ್ದು, ಅದರ ಯಕೃತ್ತಿನ ಗೆರೆ, ಗುಳಿ, ಗಂಟುಗಳಲ್ಲಿ ಉತ್ತರ ಹುಡುಕುತ್ತಾರೆ. ಕ್ರಿ.ಪೂ. 7ನೇ ಶತಮಾನದ ಈ ಪ್ರಶ್ನೆ ಜೇಡಿಮಣ್ಣಿನ ಫಲಕವೊಂದರಲ್ಲಿ ಇಂದಿಗೂ ಉಳಿದಿದೆ.

ಇದನ್ನು ಓದಿದವರು ಸಾಮಾನ್ಯವಾಗಿ ಎರಡು ಪಂಗಡವಾಗುತ್ತಾರೆ. ವೈದ್ಯನ ಕೈಯನ್ನು ಶಕುನಗಾರ ಕಟ್ಟಿಹಾಕಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎನ್ನುವವರು ಒಂದು ಕಡೆ. ಆ ಕಾಲದವರ ಪಾಲಿಗೆ ಮದ್ದೂ ಶಕುನವೂ ಒಂದೇ ವಿದ್ಯೆಯ ಎರಡು ಕವಲು, ಇಂದಿನ ಅಳತೆಗೋಲು ಹಿಡಿದು ಅವರನ್ನು ಮೂಢರೆನ್ನುವುದು ಅನ್ಯಾಯ ಎನ್ನುವವರು ಇನ್ನೊಂದು ಕಡೆ. ಮೊದಲನೆಯ ಮಾತು ಹಳೆಯದು. ಎರಡನೆಯದು ಈಗ ವಿದ್ವಾಂಸರ ನಡುವೆ ಹೆಚ್ಚು ಚಾಲ್ತಿಯಲ್ಲಿದೆ. ಎರಡರಲ್ಲೂ ಹುರುಳಿದೆ. ಎರಡೂ ತಮಗೆ ಅನುಕೂಲವಾದ ಫಲಕಗಳನ್ನಷ್ಟೇ ಎತ್ತಿ ತೋರಿಸುತ್ತವೆ ಎಂಬುದೂ ನಿಜ.

ವಾದಕ್ಕೆ ಇಳಿಯುವ ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಬ್ಯಾಬಿಲೋನಿನವರಿಗೆ ವೈದ್ಯರೇ ಇಲ್ಲ, ರೋಗಿಯನ್ನು ಬೀದಿಗೆ ತಂದು ಕೂರಿಸಿ ಹೋಗಿಬರುವವರ ಸಲಹೆ ಕೇಳುತ್ತಾರೆ ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟ. ಬ್ಯಾಬಿಲೋನಿಗೂ ಅಸ್ಸೀರಿಯಾಕ್ಕೂ ಲಿಪಿ, ದೇವರು, ವೈದ್ಯ ಎಲ್ಲವೂ ಬಹುಪಾಲು ಒಂದೇ ಆಗಿದ್ದುದರಿಂದ ಆ ಮಾತು ಇಬ್ಬರಿಗೂ ಅಂಟಿಕೊಂಡಿತು. 19ನೇ ಶತಮಾನದ ನಡುವೆ ಪುರಾತತ್ವಶೋಧಕರಾದ ಲೇಯಾರ್ಡ್ ಮತ್ತು ಹೊರ್ಮುಜ್ಡ್ ರಸ್ಸಾಮ್ ಇಂದಿನ ಇರಾಕಿನ ಮೊಸುಲ್ ಬಳಿ ನಿನೆವೆಯನ್ನು ಅಗೆದಾಗ ಅದು ಸುಳ್ಳೆಂದು ಗೊತ್ತಾಯಿತು. ಕ್ರಿ.ಪೂ. 612ರಲ್ಲಿ ಶತ್ರುಗಳು ಸುಟ್ಟ ಆ ನಗರದಿಂದ ಸುಮಾರು 30,000 ಫಲಕಗಳೂ ಚೂರುಗಳೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಅವುಗಳಲ್ಲಿ ನೆತ್ತಿಯಿಂದ ಕಾಲುಗುರಿನವರೆಗೆ ಅಂಗಾಂಗವಾರು ಜೋಡಿಸಿದ ವೈದ್ಯಗ್ರಂಥವಿದೆ. ಲೇಪ, ಕಷಾಯ, ಹೊಗೆ, ಪಟ್ಟಿ, ಬಸ್ತಿ, ಎಲ್ಲಕ್ಕೂ ಅದರಲ್ಲಿ ವಿಧಾನ ಬರೆದಿದೆ.

ಆಸ್ಥಾನದಲ್ಲಿ ಯಾರು ಯಾರಿದ್ದರು ಎಂಬುದಕ್ಕೂ ದಾಖಲೆಯಿದೆ. ಅಶುರ್‌ಬನಿಪಾಲನ ತಂದೆ, ದೊರೆ ಎಸರ್‌ಹದ್ದೋನ್‌ನ ಕಾಲದಲ್ಲಿ ನಿಷ್ಠೆಯ ಪ್ರಮಾಣ ಮಾಡಬೇಕಾದವರನ್ನು ಒಂದು ಪತ್ರ ಹೀಗೆ ಎಣಿಸುತ್ತದೆ: ಆಕಾಶ ನೋಡುವ ಲಿಪಿಕಾರರು, ಕುರಿಯ ಒಳಾಂಗ ಓದುವ ಬಾರುಗಳು, ಮಂತ್ರ-ಶಾಂತಿ ಮಾಡುವ ಆಶಿಪುಗಳು, ಮದ್ದು ಕೊಡುವ ಅಸುಗಳು, ಹಕ್ಕಿಶಕುನ ಹೇಳುವವರು. ಐವರೂ ಒಂದೇ ಸಾಲಿನಲ್ಲಿ ನಿಂತು ಪ್ರಮಾಣ ಮಾಡಬೇಕು. ಅಸು ವೈದ್ಯ, ಆಶಿಪು ಮಾಂತ್ರಿಕ ಎಂದು ಗೆರೆ ಎಳೆದುಬಿಡುವುದು ಸುಲಭ. 1965ರಲ್ಲಿ ವಿದ್ವಾಂಸೆ ಈಡಿತ್ ರಿಟ್ಟರ್ ಹಾಗೆ ಎಳೆದ ಗೆರೆ ಬಹಳ ಕಾಲ ಬಾಳಿತು. ಆದರೆ ಇಬ್ಬರೂ ಒಬ್ಬರಿಗೊಬ್ಬರು ಪೂರಕ ಎಂದೂ ಆಕೆ ಹೇಳಿದ್ದಳು. ಆಮೇಲೆ ಜೋಆನ್ ಸ್ಕರ್ಲಾಕ್ ಇದನ್ನು ತಲೆಕೆಳಗು ಮಾಡಿ, ರೋಗ ಗುರುತಿಸುತ್ತಿದ್ದವನೇ ಆಶಿಪು, ಅಸು ಎಂದರೆ ಮದ್ದು ತಯಾರಿಸುವವನು ಎಂದು ವಾದಿಸಿದಳು. ಅಸ್ಸೂರ್ ನಗರದಲ್ಲಿ ಜರ್ಮನ್ನರು ಅಗೆದ ಆಶಿಪು ಕುಟುಂಬವೊಂದರ ಮನೆಯಲ್ಲಿ ಸಿಕ್ಕ ನೂರಾರು ಫಲಕಗಳನ್ನು ನೋಡಿದರೆ ಈ ಗೆರೆ ಇನ್ನೂ ಮಸುಕಾಗುತ್ತದೆ. ಅಲ್ಲಿ ದೆವ್ವ ಬಿಡಿಸುವ ಮಂತ್ರದ ಪಕ್ಕದಲ್ಲೇ ಗಿಡಮೂಲಿಕೆಯ ಪಾಕ ಇದೆ. ಆ ಮನೆಯ ಕಿಸಿರ್-ಅಶ್ಶೂರ್ ಎಂಬವನು ಎರಡನ್ನೂ ಕಲಿತು, ಎರಡನ್ನೂ ನಕಲು ಮಾಡಿಟ್ಟಿದ್ದಾನೆ.

ಆರೋಪ ಹೊರಿಸುವವರ ವಾದವನ್ನು ಅದರ ಪೂರ್ತಿ ಬಲದೊಂದಿಗೇ ಮಂಡಿಸೋಣ. ಆಶಿಪುವಿನ ಮುಖ್ಯ ಕೈಪಿಡಿ ‘ಸಕಿಕ್ಕು’, 40 ಫಲಕಗಳ ರೋಗಲಕ್ಷಣ ಗ್ರಂಥ. ಕ್ರಿ.ಪೂ. 11ನೇ ಶತಮಾನದಲ್ಲಿ ಬ್ಯಾಬಿಲೋನಿನ ವಿದ್ವಾಂಸ ಎಸಗಿಲ್-ಕಿನ್-ಅಪ್ಲಿ ಜೋಡಿಸಿದ್ದು. ಅಸ್ಸೀರಿಯಾದವರು ಅದನ್ನೇ ನಕಲು ಮಾಡಿಕೊಂಡು ಬಳಸಿದರು. ಅದರ ಮೊದಲೆರಡು ಫಲಕಗಳಲ್ಲಿ ರೋಗಿಯ ಮಾತೇ ಇಲ್ಲ. ರೋಗಿಯ ಮನೆಗೆ ಹೋಗುವ ದಾರಿಯಲ್ಲಿ ಆಶಿಪುವಿಗೆ ಕಂಡದ್ದರ ಮಾತು ಇದೆ. ಬೀದಿಯಲ್ಲಿ ಮಡಕೆಚೂರು ನೆಟ್ಟಗೆ ನಿಂತಿದ್ದರೆ ರೋಗಿಯ ಸ್ಥಿತಿ ಗಂಭೀರ, ಕರಿಹಂದಿ ಕಂಡರೆ ಸಾಯುತ್ತಾನೆ, ಬಿಳಿ ಹಂದಿ ಕಂಡರೆ ಬದುಕುತ್ತಾನೆ. ನಾಡಿ ಮುಟ್ಟುವ ಮೊದಲೇ ತೀರ್ಪು! ಹೊಸ್ತಿಲು ದಾಟುವಷ್ಟರಲ್ಲಿ ಮನಸ್ಸಿನೊಳಗೆ ಸಾವು ಬರೆದುಕೊಂಡು ಬಂದವನು ರೋಗಿಯನ್ನು ಎಷ್ಟು ಗಮನವಿಟ್ಟು ನೋಡಿಯಾನು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಇನ್ನು ಬಾರುವಿನ ವಿದ್ಯೆ. ಅದರ ಗ್ರಂಥಮಾಲೆ ಸುಮಾರು 100 ಫಲಕಗಳಷ್ಟು ದೊಡ್ಡದು. ಯಕೃತ್ತಿನ ಪ್ರತಿ ಭಾಗಕ್ಕೂ ಹೆಸರಿದೆ, ಪ್ರತಿ ಗುರುತಿಗೂ ಫಲವಿದೆ. ಪ್ರಶ್ನೆ ಕೇಳುವಾಗ ಬಾರು ದೇವರ ಮುಂದೆ ಮೊದಲೇ ಒಂದು ಪಟ್ಟಿ ಒಪ್ಪಿಸುತ್ತಾನೆ. ಬಲಿಯ ಕುರಿಯಲ್ಲಿ ಊನವಿದ್ದರೆ ಲೆಕ್ಕಿಸಬೇಡ, ನನ್ನ ಬಟ್ಟೆ ಮೈಲಿಗೆಯಾಗಿದ್ದರೆ ಲೆಕ್ಕಿಸಬೇಡ, ನನ್ನ ಬಾಯಲ್ಲಿ ಮಾತು ತೊದಲಿದ್ದರೆ ಲೆಕ್ಕಿಸಬೇಡ. ಭಕ್ತಿಯ ಕಣ್ಣಿಗೆ ಇದು ವಿನಯ. ಸಂಶಯದ ಕಣ್ಣಿಗೆ, ಫಲ ತಪ್ಪಿದ ದಿನ ಹೇಳಬೇಕಾದ ನೆಪಗಳು ಇಲ್ಲಿ ಮುಂಗಡವಾಗಿ ಸಿದ್ಧವಾಗಿವೆ.

ಹೆದರಿಕೆ ಬೆರೆತಾಗ ಈ ವಿದ್ಯೆ ಎಷ್ಟು ಬೇಗ ಬಾಗುತ್ತಿತ್ತು ಎಂಬುದಕ್ಕೆ ಕುದುರ್ರು ಎಂಬ ಬಂಧಿಯ ಪತ್ರ ಸಾಕು. ದೊಡ್ಡ ಅಧಿಕಾರಿಯೊಬ್ಬ ಪಟ್ಟಕ್ಕೆ ಬರುತ್ತಾನೋ ಇಲ್ಲವೋ ಎಂದು ಶಕುನ ನೋಡಲು ಅವನನ್ನು ಒತ್ತಾಯದಿಂದ ಕರೆದೊಯ್ದರು. ಅವನು ನೋಡಿ, ಬರುತ್ತಾನೆ ಎಂದ. ಆಮೇಲೆ ದೊರೆಗೆ ಬರೆದು ತಪ್ಪೊಪ್ಪಿಕೊಂಡ: ಅದೆಲ್ಲ ಶುದ್ಧ ಮೋಸ, ಆ ಹೊತ್ತಿನಲ್ಲಿ ಅವರು ನನ್ನನ್ನು ಕೊಲ್ಲದಿದ್ದರೆ ಸಾಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕೊಲೆಯ ಭಯವಿಲ್ಲದವರಿಗೆ ಹೊಟ್ಟೆಯ ಭಯವಿತ್ತು. ಎಸರ್‌ಹದ್ದೋನ್‌ನ ಆಸ್ಥಾನದಲ್ಲಿ ಮೆರೆದ ಆಶಿಪು ಉರದ್-ಗುಲಾ ಮುಂದಿನ ದೊರೆಯ ಕೃಪೆ ತಪ್ಪಿದಾಗ ಬರೆದ ಅರ್ಜಿ ಉಳಿದಿದೆ. ಕಾಲಿಗೆ ಕೆರ ಕೊಳ್ಳಲೂ ಗತಿಯಿಲ್ಲ, ಮತ್ತೊಂದು ಜೊತೆ ಬಟ್ಟೆಯಿಲ್ಲ ಎನ್ನುತ್ತಾನೆ. ದೊರೆಯ ಮುಖ ನೋಡಿ ಬದುಕುವವರು ದೊರೆಗೆ ಬೇಡವಾದ ಫಲ ಹೇಳಿಯಾರೆ?

ಪ್ರತಿವಾದಿಗಳ ಬತ್ತಳಿಕೆಯೂ ಬರಿದಾಗಿಲ್ಲ. ಆಸ್ಥಾನದ ಮುಖ್ಯ ವೈದ್ಯ ಉರದ್-ನನಯಾನ ಪತ್ರವೊಂದು ಬಹಳ ಪ್ರಸಿದ್ಧ. ರೋಗಿಯೊಬ್ಬನಿಗೆ ಮೂಗಿನಿಂದ ರಕ್ತ ಸೋರುತ್ತಿದೆ. ಉಪಚಾರ ಮಾಡುವವರು ಪಟ್ಟಿಯನ್ನು ಮೂಗಿನ ಮೇಲೆ ಒತ್ತಿಡುತ್ತಿದ್ದಾರೆ. ಅದು ತಪ್ಪು, ಹಾಗೆ ಮಾಡಿದರೆ ರಕ್ತ ನಿಲ್ಲುವುದಿಲ್ಲ. ಹೊಳ್ಳೆಗಳ ಒಳಗೆ ತುರುಕಬೇಕು ಎಂದು ಅವನು ಬರೆಯುತ್ತಾನೆ. ದೇವರಿಲ್ಲ, ದೆವ್ವವಿಲ್ಲ, ಹಂದಿಯಿಲ್ಲ. ಇಂದಿನ ಯಾವ ಆಸ್ಪತ್ರೆಯ ತುರ್ತು ವಿಭಾಗದಲ್ಲೂ ಒಪ್ಪುವಂಥ ಮಾತು. ಆ ಕಾಲದ ಹಲವು ಪಾಕಗಳಿಗೆ ‘ಪರೀಕ್ಷಿಸಿದ್ದು’ ಎಂಬ ಟಿಪ್ಪಣಿಯೂ ಅಂಟಿಕೊಂಡಿದೆ. ಯಾರು, ಹೇಗೆ ಪರೀಕ್ಷಿಸಿದರು ಎಂದು ಬರೆದಿಲ್ಲವಾದರೂ, ಪರೀಕ್ಷಿಸಿದ್ದಕ್ಕೆ ಬೆಲೆ ಹೆಚ್ಚು ಎಂಬ ತಿಳಿವಳಿಕೆ ಇತ್ತಲ್ಲ.

ಸಕಿಕ್ಕುವನ್ನೇ ಮೂರನೆಯ ಫಲಕದಿಂದ ಮುಂದಕ್ಕೆ ಓದಿ ಎಂದು ಪ್ರತಿವಾದಿಗಳು ಹೇಳುತ್ತಾರೆ. ದಾರಿಯ ಹಂದಿಗಳು ಅಲ್ಲಿಗೆ ಮುಗಿದು ರೋಗಿಯ ಮೈ ಶುರುವಾಗುತ್ತದೆ: ತಲೆ, ಕಣ್ಣು, ಕುತ್ತಿಗೆ, ಎದೆ, ಹೊಟ್ಟೆ, ಕಾಲು. ಅಪಸ್ಮಾರದ ಅಧ್ಯಾಯದಲ್ಲಿ ಕಣ್ಣು ಮೇಲಾಗುವುದು, ನೊರೆ ಬರುವುದು, ಕೈಕಾಲು ಸೆಟೆಯುವುದು, ಪ್ರಜ್ಞೆ ಇರುವುದು, ತಪ್ಪುವುದು ಎಲ್ಲವನ್ನೂ ಬೇರೆ ಬೇರೆಯಾಗಿ ಗುರುತು ಹಾಕಿದ್ದಾರೆ. ಕೊನೆಗೆ ಇದು ಸಿನ್ ದೇವರ ಕೈ, ಇದು ಇಷ್ಟಾರ್ ದೇವಿಯ ಕೈ ಎಂದು ಬರುತ್ತದೆ ನಿಜ. ಆದರೆ ಸಿಡುಬು, ದಡಾರಗಳಿಗೆ ನಮ್ಮ ಮನೆಗಳಲ್ಲಿ ‘ಅಮ್ಮ’ ಎಂದವರು ಮೈಮೇಲೆ ಎದ್ದ ಗುಳ್ಳೆಗಳನ್ನು ನೋಡದೆ ಹಾಗೆ ಅಂದವರಲ್ಲ. ದೇವಿಯ ಹೆಸರು ರೋಗದ ಹೆಸರೂ ಆಗಿತ್ತು. ‘ಇಷ್ಟಾರ್ ಕೈ’ ಕೂಡ ಅನೇಕ ಕಡೆ ಹಾಗೆಯೇ ಒಂದು ಲಕ್ಷಣಗುಂಪಿನ ಹೆಸರಾಗಿ ಕೆಲಸ ಮಾಡಿದೆ ಎನ್ನುವ ವಾದ ನನಗೆ ಒಪ್ಪಿಗೆ. ಮದ್ದಿನ ಪಟ್ಟಿಯಲ್ಲಿ ಬರುವ ಮಲ, ಕೊಬ್ಬು, ಮೂಳೆಗಳ ವಿಷಯದಲ್ಲೂ ಆತುರಪಡಬಾರದು. ‘ಉರುಅನ್ನಾ’ ಎಂಬ ಅವರದೇ ಮೂಲಿಕಾಕೋಶ ಇಂಥ ಎಷ್ಟೋ ಹೆಸರುಗಳು ಗಿಡಗಳ ಗುಪ್ತನಾಮ ಎಂದು ತೋರಿಸುತ್ತದೆ.

ಶಕುನವಿದ್ಯೆಯೊಳಗೂ ಶಿಸ್ತಿತ್ತು ಎಂಬುದು ಪ್ರತಿವಾದಿಗಳ ಅತ್ಯಂತ ಗಟ್ಟಿಯಾದ ವಾದ. ಪ್ರಶ್ನೆಗೆ ಕಾಲಮಿತಿ ಇರುತ್ತಿತ್ತು, ಇಂಥ ದಿನದಿಂದ ಇಂಥ ದಿನದೊಳಗೆ ಎಂದು. ಒಂದು ಕುರಿಯ ಫಲವನ್ನು ಇನ್ನೊಂದರಿಂದ ತಾಳೆ ನೋಡುತ್ತಿದ್ದರು. ಬ್ಯಾಬಿಲೋನಿನ ದೇವರ ವಿಗ್ರಹಗಳನ್ನು ಎಲ್ಲಿ, ಯಾರ ಕೈಯಲ್ಲಿ ಮಾಡಿಸಬೇಕೆಂದು ತಿಳಿಯಲು ಎಸರ್‌ಹದ್ದೋನ್ ಬಾರುಗಳನ್ನು ಬೇರೆ ಬೇರೆ ಗುಂಪು ಮಾಡಿ ಕೂರಿಸಿದ. ಎಲ್ಲರ ಉತ್ತರ ಒಂದೇ ಆಯಿತು ಎಂದು ಶಾಸನದಲ್ಲಿ ಬರೆಸಿದ. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬ ಎಚ್ಚರ ಇಷ್ಟು ಹಿಂದೆಯೇ ಇತ್ತು ಎಂದರೆ ಸಣ್ಣ ಸಂಗತಿಯಲ್ಲ.

ಈ ಹಂತದಲ್ಲಿ ನಾನು ಪ್ರತಿವಾದಿಗಳಿಂದ ಸ್ವಲ್ಪ ದೂರ ಸರಿಯುತ್ತೇನೆ. ಗುಂಪುಗಳನ್ನು ಬೇರ್ಪಡಿಸಿದ್ದರಿಂದ ಬಾರುಗಳು ಒಬ್ಬರನ್ನೊಬ್ಬರು ಒಪ್ಪುತ್ತಾರೆಯೆ ಎಂಬುದು ತಿಳಿಯುತ್ತದೆ. ಅವರು ಹೇಳಿದ್ದು ನಿಜವೇ ಎಂಬುದು ತಿಳಿಯುವುದಿಲ್ಲ. ಒಂದೇ ಗುರುಪರಂಪರೆಯಲ್ಲಿ ಒಂದೇ ಗ್ರಂಥ ಓದಿದವರು, ದೊರೆಗೆ ಏನು ಬೇಕೆಂದು ಬಲ್ಲವರು, ಬೇರೆ ಬೇರೆ ಕೋಣೆಯಲ್ಲಿ ಕೂತರೂ ಒಂದೇ ಮಾತು ಹೇಳುವುದರಲ್ಲಿ ಆಶ್ಚರ್ಯವೇನು? ಇಲ್ಲಿ ಆಕಾಶ ನೋಡುವವರ ಜೊತೆ ಹೋಲಿಸಬೇಕು. ಅವರ ಶಕುನಗ್ರಂಥ ‘ಎನೂಮ ಅನು ಎನ್ಲಿಲ್’ ಸುಮಾರು 70 ಫಲಕಗಳದ್ದು, ಅದೂ ದೇವರ ಸೂಚನೆಗಳ ಪಟ್ಟಿಯೇ. ಆದರೆ ನಕ್ಷತ್ರ ನಾಳೆಯೂ ಬರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಶುಕ್ರಗ್ರಹ ಕಾಣಿಸಿದೆ ಎಂದು ಯಾರೋ ದೊರೆಗೆ ವರದಿ ಮಾಡಿದಾಗ ನಬು-ಅಹ್ಹೆ-ಎರಿಬಾ ಎಂಬ ಪಂಡಿತ ಕೆಂಡಾಮಂಡಲವಾಗಿ, ಹಾಗೆ ಬರೆದವನು ಅಯೋಗ್ಯ, ಮೂಢ, ಮೋಸಗಾರ ಎಂದು ಜರಿದ. ಆ ಜಗಳ ತೀರಿಸಲು ಯಾವ ಕುರಿಯೂ ಬೇಕಿರಲಿಲ್ಲ, ತಲೆಯೆತ್ತಿದರೆ ಸಾಕಿತ್ತು. ಹೀಗೆ ಮತ್ತೆ ಮತ್ತೆ ತಾಳೆಗೆ ಒಳಗಾದ ಆ ವಿದ್ಯೆ ಗ್ರಹಣವನ್ನು ಮುಂಚಿತವಾಗಿ ಹೇಳುವ ಮಟ್ಟಕ್ಕೆ ಬೆಳೆಯಿತು, ಮುಂದೆ ಬ್ಯಾಬಿಲೋನಿನ ಗಣಿತ ಖಗೋಳಕ್ಕೆ ತಳಪಾಯವಾಯಿತು. ಯಕೃತ್ತಿನ ವಿದ್ಯೆ ಅಷ್ಟೇ ಶ್ರದ್ಧೆ, ಅಷ್ಟೇ ಫಲಕ ಖರ್ಚು ಮಾಡಿಯೂ ಇದ್ದಲ್ಲೇ ಉಳಿಯಿತು.

ವೈದ್ಯ ಈ ಎರಡರ ನಡುವೆ ನಿಂತಿದ್ದ. ರೋಗಿಯ ಮೈ ಆಕಾಶದಂತೆ ಮತ್ತೆ ಮತ್ತೆ ನೋಡಸಿಗುತ್ತದೆ. ರೋಗದ ಕಾರಣ ಯಕೃತ್ತಿನ ಗೆರೆಯಷ್ಟೇ ನಿಗೂಢ. ಆದ್ದರಿಂದಲೇ ಅವರ ಲಕ್ಷಣವರ್ಣನೆ ಅದ್ಭುತ, ಕಾರಣವಿವರಣೆ ದುರ್ಬಲ. ಅವರ ಮದ್ದುಗಳು ಎಷ್ಟು ಕೆಲಸ ಮಾಡುತ್ತಿದ್ದವು ಎಂದು ಅಂಕೆಯಲ್ಲಿ ಹೇಳಲು ಯಾವ ಪಕ್ಷಕ್ಕೂ ಆಗದು. ಹಲವು ಗಿಡಗಳ ಗುರುತೇ ಇತ್ಯರ್ಥವಾಗಿಲ್ಲ, ಎಷ್ಟು ಮಂದಿ ಗುಣವಾದರು ಎಂಬ ಲೆಕ್ಕವನ್ನು ಅವರು ಇಟ್ಟವರೂ ಅಲ್ಲ. ಗ್ರಂಥದಲ್ಲಿ ಪ್ರತಿ ಲಕ್ಷಣಕ್ಕೂ ಫಲ ಬರೆದವರು ಫಲ ತಪ್ಪಿದ್ದನ್ನು ಮಾತ್ರ ಬರೆದಿಡಲಿಲ್ಲ ಎಂಬುದು ಆ ವಿದ್ಯೆಯ ಮೇಲೆ ನನಗಿರುವ ದೊಡ್ಡ ದೂರು.

ಹಾಗಾದರೆ ಬುದ್ಧಿವಂತ ವೈದ್ಯ ಬಾರುವನ್ನು ಏಕೆ ಕರೆಯುತ್ತಿದ್ದ? ಎಸರ್‌ಹದ್ದೋನ್ ಬಹುಕಾಲ ಕಾಯಿಲೆಯಿಂದ ನರಳಿದವನು. ಜ್ವರ ಬಿಡುತ್ತಿರಲಿಲ್ಲ. ನನ್ನ ರೋಗ ಏನೆಂದು ಗುರುತಿಸಿ ಏಕೆ ಗುಣಪಡಿಸುವುದಿಲ್ಲ ಎಂದು ಅವನು ಉರದ್-ನನಯಾನನ್ನು ಪದೇ ಪದೇ ಗದರುತ್ತಿದ್ದ. ವೈದ್ಯ ಮುಚ್ಚುಮರೆಯಿಲ್ಲದೆ ಹೇಳಿಕೊಂಡ: ಮೊದಲು ನನಗೆ ಲಕ್ಷಣ ಅರ್ಥವಾಗಲಿಲ್ಲ. ಆಮೇಲೆ ಒಂದು ಲೇಪ ಕಳಿಸಿದ, ಹಚ್ಚಿದರೆ ಬೆವರು ಬಂದು ಜ್ವರ ಇಳಿದೀತು ಎಂದ, ಜೊತೆಗೆ ಈ ವಿಷಯವಾಗಿ ಬಾರುಗಳು ಶಕುನ ನೋಡಲಿ ಎಂದೂ ಸೂಚಿಸಿದ. ಇದರಲ್ಲಿ ನನಗೆ ಮೂಢನಂಬಿಕೆಗಿಂತ ಜಾಣತನ ಹೆಚ್ಚು ಕಾಣುತ್ತದೆ. ಕ್ರಿ.ಪೂ. 681ರಲ್ಲಿ ಈ ದೊರೆಯ ತಂದೆ ಸೆನ್ನಾಕೆರಿಬ್ ಮಕ್ಕಳ ಕೈಯಲ್ಲೇ ಕೊಲೆಯಾಗಿದ್ದ. ಮಗನಿಗೆ ನೆರಳನ್ನು ಕಂಡರೂ ಸಂಶಯ. 670ರಲ್ಲಿ ತನ್ನ ಅಧಿಕಾರಿಗಳಲ್ಲಿ ಅನೇಕರನ್ನು ಕೊಲ್ಲಿಸಿದ. ಇಂಥವನಿಗೆ ಬಟ್ಟಲು ಚಾಚುವ ಕೈಗೆ ದೇವರ ಒಪ್ಪಿಗೆ ಎಂಬ ಕವಚ ಬೇಡವೆ? ಮದ್ದು ಫಲಿಸದಿದ್ದರೆ ಹೊಣೆ ಹಂಚಿಹೋಗುತ್ತದೆ. ರೋಗಿಗೂ ಭರವಸೆ. ಇಷ್ಟಾದರೂ, ಕುರಿ ಬೇಡವೆಂದಿದ್ದರೆ ಒಳ್ಳೆಯ ಮದ್ದೊಂದು ಬಟ್ಟಲಲ್ಲೇ ಉಳಿಯುತ್ತಿತ್ತು ಎಂಬುದನ್ನು ತಳ್ಳಿಹಾಕಲಾಗದು.

ಅದೇ ಆಸ್ಥಾನದಲ್ಲಿ ಶಕುನ ಹೇಳುವವರೇ ಸಾಮಾನ್ಯ ಬುದ್ಧಿಯ ಮಾತು ಆಡಿದ್ದೂ ಉಂಟು. ದೊರೆ ಅನ್ನನೀರು ಬಿಟ್ಟು ಮಂಕಾಗಿ ಕೂತಾಗ, ಒಂದು ದಿನ ಉಪವಾಸ ಸಾಲದೆ, ಇದು ಮೂರನೆಯ ದಿನವಲ್ಲವೆ ಎಂದು ಆಕಾಶ ನೋಡುವ ಪಂಡಿತರೇ ಅವನನ್ನು ಆಕ್ಷೇಪಿಸಿ ಬರೆದಿದ್ದಾರೆ.

ಅರಮನೆಯ ಹೊರಗಿನ ಜನರ ಬಗ್ಗೆ ಪುರಾವೆ ಕಡಿಮೆ, ಆದರೆ ಇರುವಷ್ಟು ರುಚಿಯಾಗಿದೆ. ಎಳೆಗೂಸುಗಳನ್ನು ಕೊಲ್ಲುವ ಲಮಶ್ತು ಎಂಬ ಪೀಡೆಯನ್ನು ಓಡಿಸಲು ಪಜುಜು ಎಂಬ ವಿಕಾರಮುಖದ ದೈತ್ಯನ ಪುಟ್ಟ ತಾಯತ ಧರಿಸುತ್ತಿದ್ದರು. ವೈದ್ಯನನ್ನು ಗೇಲಿ ಮಾಡುವ ಧೈರ್ಯವೂ ಇತ್ತು: ‘ನಿಪ್ಪೂರಿನ ಬಡವ’ ಎಂಬ ಕತೆಯಲ್ಲಿ ನಾಯಕ ತನ್ನನ್ನು ಅವಮಾನಿಸಿದ ಪುರಪ್ರಮುಖನ ಮನೆಗೆ ವೈದ್ಯನ ವೇಷದಲ್ಲಿ ನುಗ್ಗಿ, ನನ್ನ ಚಿಕಿತ್ಸೆ ಕತ್ತಲಲ್ಲೇ ಫಲಿಸುವುದು ಎಂದು ನಂಬಿಸಿ ಚೆನ್ನಾಗಿ ಬಡಿಯುತ್ತಾನೆ. ಸಂತೆಯ ಲೆಕ್ಕಾಚಾರವಂತೂ ಇನ್ನೂ ನೇರ. ಗುಲಾಮರ ಮಾರಾಟಪತ್ರಗಳಲ್ಲಿ ಅಪಸ್ಮಾರಕ್ಕೆ 100 ದಿನಗಳ ಖಾತರಿ ಬರೆಯುತ್ತಿದ್ದರು. ಅಷ್ಟರೊಳಗೆ ರೋಗ ಕಾಣಿಸಿದರೆ ಮಾರಿದವನೇ ಹೊಣೆ. ಕಾಸು ಕಳೆದುಕೊಳ್ಳುವ ಪ್ರಶ್ನೆ ಬಂದಾಗ ಕಾದು ನೋಡುವುದೇ ಮೇಲು ಎಂದು ಅಸ್ಸೀರಿಯಾದ ವ್ಯಾಪಾರಿಗೆ ಚೆನ್ನಾಗಿ ಗೊತ್ತಿತ್ತು. ಆ ನಿಷ್ಠುರ ಜಾಣ್ಮೆ ಮಾರಾಟವಾಗುತ್ತಿದ್ದ ಮನುಷ್ಯನಿಗೆ ಏನೂ ಉಪಕಾರ ಮಾಡಲಿಲ್ಲ ಎಂಬುದು ಬೇರೆ ಮಾತು.

ಇನ್ನು ಉಳಿದಿರುವುದು ದಮ್ಕಿಯ ಪ್ರಕರಣ. ಕೆಲವು ಬಗೆಯ ಚಂದ್ರಗ್ರಹಣ ದೊರೆಯ ಸಾವಿನ ಸೂಚನೆ. ಪರಿಹಾರವೆಂದರೆ ಬದಲಿ ದೊರೆಯೊಬ್ಬನನ್ನು ಸಿಂಹಾಸನದಲ್ಲಿ ಕೂರಿಸುವುದು, ಹೆಚ್ಚೆಂದರೆ 100 ದಿನ. ಆಮೇಲೆ ಅವನು ಸಾಯಬೇಕು. ಅಷ್ಟು ದಿನ ನಿಜವಾದ ದೊರೆಯನ್ನು ಪತ್ರಗಳಲ್ಲಿ ‘ರೈತ’ ಎಂದು ಸಂಬೋಧಿಸುತ್ತಿದ್ದರು. ಕ್ರಿ.ಪೂ. 671ರ ಹೊತ್ತಿಗೆ ಈ ಪಾತ್ರಕ್ಕೆ ಸಿಕ್ಕವನು ಅಕ್ಕಾದ್ ನಗರದ ದೇವಾಲಯಾಧಿಕಾರಿಯ ಮಗ ದಮ್ಕಿ. ಎಸರ್‌ಹದ್ದೋನ್‌ನ ಪ್ರತಿನಿಧಿ ಮಾರ್-ಇಸ್ಸಾರ್ ಬರೆದ ವರದಿ ಯಾವುದೇ ಸರ್ಕಾರಿ ಕಡತದಷ್ಟೇ ತಣ್ಣಗಿದೆ: ಬದಲಿ ದೊರೆಯೂ ಅವನ ರಾಣಿಯೂ ತಮ್ಮ ವಿಧಿಗೆ ಸಂದರು, ಸಮಾಧಿ ಸಿದ್ಧಮಾಡಿ ಅಲಂಕರಿಸಿ ಹೂಳಿದೆವು, ಶಾಂತಿಗಳೆಲ್ಲ ಮುಗಿದವು, ಊರಿನವರು ಹೆದರಿದ್ದರು, ಧೈರ್ಯ ಹೇಳಿದೆವು.

ಆ ಕಾಲದ ಕಣ್ಣಿನಿಂದ ನೋಡಿ ಎಂಬ ವಾದಕ್ಕೆ ನಾನು ಇಲ್ಲಿಯವರೆಗೆ ಕಿವಿಗೊಟ್ಟಿದ್ದೇನೆ, ಇಲ್ಲಿಂದಾಚೆಗೆ ಆಗುವುದಿಲ್ಲ. ಆ ಕಾಲದ ಅಕ್ಕಾದ್ ಜನರೇ ಹೆದರಿದ್ದರು. ನಿಯಮ ಸಡಿಲಿಸುವ ದಾರಿಯೂ ಪಂಡಿತರಿಗೆ ಗೊತ್ತಿತ್ತು. ಗ್ರಹಣದ ಹೊತ್ತಿನಲ್ಲಿ ಗುರುಗ್ರಹ ಕಾಣಿಸುತ್ತಿದ್ದರೆ ದೊರೆಗೆ ಅಪಾಯವಿಲ್ಲ ಎಂದು ಅವರೇ ಹೇಳುತ್ತಿದ್ದರು. ಗ್ರಹಣ ಬರುವ ಹೊತ್ತನ್ನು ಮುಂದಾಗಿ ಊಹಿಸಬಲ್ಲವರಾದ ಮೇಲೂ ಬದಲಿ ದೊರೆಯ ಪದ್ಧತಿ ನಿಲ್ಲಲಿಲ್ಲ. ಆದ್ದರಿಂದ ನನ್ನ ತೀರ್ಪು ಎರಡು ಕಡೆಗೂ ಪೂರ್ತಿ ಸಲ್ಲುವಂಥದ್ದಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಶಕುನವೂ ಮದ್ದೂ ಹೆಚ್ಚು ಕೇಡಿಲ್ಲದೆ ಜೊತೆಯಾಗಿ ಬಾಳಿದವು. ಶಕುನದ ‘ಹೀಗಿದ್ದರೆ ಹೀಗೆ’ ಎಂಬ ಬರವಣಿಗೆಯ ಅಚ್ಚಿನಿಂದ ವೈದ್ಯಕ್ಕೆ ಲಾಭವೇ ಆಯಿತು. ಸಿಂಹಾಸನದ ಪಕ್ಕದಲ್ಲಿ, ತಪ್ಪಿದ ಫಲಕ್ಕೆ ಬೆಲೆ ತೆರುವವನು ಫಲ ಹೇಳಿದವನೂ ಅಲ್ಲ, ಕೇಳಿದವನೂ ಅಲ್ಲ, ಮೂರನೆಯವನು ಎಂದಾದಾಗ, ಅದು ಕೊಲೆಗೆ ಶಾಸ್ತ್ರದ ಅಂಗಿ ತೊಡಿಸಿತು. ಇಷ್ಟೆಲ್ಲ ಆದರೂ ಎಸರ್‌ಹದ್ದೋನ್ 669ರಲ್ಲಿ ಈಜಿಪ್ಟಿನ ದಂಡಯಾತ್ರೆಯ ದಾರಿಯಲ್ಲಿ ಕಾಯಿಲೆಯಿಂದಲೇ ಸತ್ತ.

ಈ ಪತ್ರಗಳನ್ನು ಹೆಲ್ಸಿಂಕಿಯ ಸಿಮೋ ಪರ್ಪೋಲಾ 1993ರಲ್ಲಿ ಅನುವಾದದೊಂದಿಗೆ ಪ್ರಕಟಿಸಿದರು. ಈಗ ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ನಿನೆವೆಯ ವೈದ್ಯಫಲಕಗಳನ್ನೂ ಬ್ರಿಟಿಷ್ ಮ್ಯೂಸಿಯಂ ಅನುವಾದ ಸಮೇತ ಅಲ್ಲಿಗೇ ಹಾಕಿದೆ. ಕುತೂಹಲವಿರುವವರು ಮೂಗಿನ ರಕ್ತದ ಬಗ್ಗೆ ಉರದ್-ನನಯಾ ಬರೆದದ್ದನ್ನೂ ದಮ್ಕಿಯ ಬಗ್ಗೆ ಮಾರ್-ಇಸ್ಸಾರ್ ಬರೆದದ್ದನ್ನೂ ಒಂದೇ ದಿನ ಕೂತು ಓದಿ, ನನ್ನ ತೀರ್ಪು ಸರಿಯೋ ತಪ್ಪೋ ನೀವೇ ನೋಡಿ.